ಹೆಡತಲೆಯಮ್ಮನ ನಡಿಗೆ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು ಕೊನೆಯವರೆಗೂ ನಮ್ಮಜ್ಜಿಯ ಮೇಲೋ, ಗೆಳೆಯ ಚೆಲುವರಾಜನ ಮೇಲೋ, ಬಾಯಿಲ್ಲದ ಆ ಬೊಂಬೆಯ ಮೇಲೋ ಅನುಮಾನಪಡುತ್ತಾ ಕೂರಬೇಕಾಗುತ್ತದೆ. ನಮ್ಮಜ್ಜಿಯದೇ ಬೊಂಬೆ ಮಾಡಿ, ಅದನ್ನು ನಮ್ಮಜ್ಜಿಯ ಮನೆಯಲ್ಲೇ ಇಟ್ಟು, ನಮ್ಮಜ್ಜಿಯ ಮುಖ ನೋಡಿಕೊಂಡೇ, “ಇದು ಹೆಡತಲೆ ಊರಿನ ಕಡೆಯ ಯಾರೋ ಅಜ್ಜಿ” ಎಂದು ಸುಳ್ಳು ಹೇಳಿದವನು ನಾನು. ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು ಎನ್ನುತ್ತಾರೆ. ನನಗೆ ಜ್ಞಾಪಕಶಕ್ತಿ ಇತ್ತು. ಕಡಿಮೆ ಬಿದ್ದದ್ದು ಬುದ್ಧಿ.

ಚಿಕ್ಕಂದಿನಿಂದಲೂ ನನಗೊಂದು ಕಾಯಿಲೆ ಇದೆ. ಯಾರನ್ನು ನೋಡಿದರೂ ಅವರ ಹಾಗೆ ಆಡುವುದು. ನಂಜನಗೂಡಿನ ನಮ್ಮ ಮನೆಯಲ್ಲಿ ಅಪ್ಪ ತಾಂಡ್ಯದ ಫ್ಯಾಕ್ಟರಿಯಿಂದ ಬಂದು, ಬಾಗಿಲಲ್ಲಿ ಬೂಟು ಬಿಚ್ಚುತ್ತಾ, ಇಡೀ ಫ್ಯಾಕ್ಟರಿಯನ್ನು ತಾವೊಬ್ಬರೇ ಹೊತ್ತು ತಂದವರಂತೆ “ಹೂಂ...” ಎಂದು ಉಸಿರು ಬಿಡುತ್ತಾರೆ. ನಾನು ಒಳಗಿನಿಂದ ಅದೇ “ಹೂಂ...” ಬಿಡುತ್ತಿದ್ದೆ. ಅಮ್ಮ ಎರಡು ಲೋಟ ಕಾಫಿ ತರುತ್ತಿದ್ದಳು. ಪಿಯುಸಿಯಲ್ಲಿದ್ದಾಗ ಒಮ್ಮೆ ಕಿಟಕಿಯ ಮರೆಯಲ್ಲಿ ನಿಂತು ಪ್ರಿನ್ಸಿಪಾಲರ ದನಿಯಲ್ಲಿ “ಲಾಸ್ಟ್ ಪೀರಿಯಡ್ ಇಲ್ಲ, ಗಲಾಟೆ ಮಾಡದೆ ಮನೆಗೆ ಹೋಗಿ” ಎಂದೆ. ಹುಡುಗರು ಹೋದರು. ಅದರಲ್ಲೇನೂ ಆಶ್ಚರ್ಯವಿಲ್ಲ. ಪಾಠ ಮಾಡುತ್ತಿದ್ದ ಲೆಕ್ಚರರೂ ಡಸ್ಟರ್ ಎತ್ತಿಕೊಂಡು ಹೊರಟುಬಿಟ್ಟರು. ಅವತ್ತಿನಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ. “ನಿನ್ ಮಗನ ಸ್ವಂತ ದನಿ ಯಾವ್ದು?” ಎಂದು ಅಮ್ಮನನ್ನೇ ಯಾರೋ ಕೇಳಿದಾಗ, “ಸುಳ್ಳು ಹೇಳೋವಾಗ ಬತ್ತದಲ್ಲ, ಅದು” ಎಂದಳಂತೆ.

ಹೀಗೆ ಊರನ್ನೆಲ್ಲ ಆಡಿಕೊಂಡವನು ಒಂದು ನಡಿಗೆಯನ್ನು ಮಾತ್ರ ಬೀಗ ಹಾಕಿ ಇಟ್ಟಿದ್ದೆ. ಅದು ತಿ. ನರಸೀಪುರದ ನಮ್ಮಜ್ಜಿಯದು, ಅಂದರೆ ಅಮ್ಮನ ಅವ್ವನದು. ಅಜ್ಜಿ ನಡೆಯುವಾಗ ಮೈ ಬಲಕ್ಕೆ ವಾಲುತ್ತದೆ, ಎಡಸೊಂಟ ಹೊರಗೆ ಬರುತ್ತದೆ. ಎರಡು ಚಿಕ್ಕ ಹೆಜ್ಜೆ, ಒಂದು ದೊಡ್ಡ ಹೆಜ್ಜೆ, ನಡುವೆ ಏನೋ ಮರೆತವಳಂತೆ ಅರೆಗಳಿಗೆ ನಿಲುಗಡೆ. ಏಳನೇ ಕ್ಲಾಸಿನಲ್ಲಿದ್ದಾಗ ಮಾವನ ಮಗಳ ನಾಮಕರಣಕ್ಕೆ ಹೋಗಿದ್ದೆವು. ಊಟದ ನಂತರ ಹಜಾರದಲ್ಲಿ ನೆಂಟರೆಲ್ಲ ಕೂತು, “ಮಾಡ್ಲಾ ಮಗ, ಒಂಚೂರು ಮಾಡು” ಎಂದು ಹುರಿದುಂಬಿಸಿದರು. ಕಂಡಕ್ಟರ್ ಆಯಿತು, ಐನೋರು ಆಯಿತು, ಮಾವ ಆಯಿತು. ಚಪ್ಪಾಳೆಯ ಅಮಲಿನಲ್ಲಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಅಜ್ಜಿಯಾಗಿ ಹಜಾರದ ಈ ತುದಿಯಿಂದ ಆ ತುದಿಗೆ ನಡೆದೆ. ಜನ ಬಿದ್ದುಬಿದ್ದು ನಕ್ಕರು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಪಾಯಸದ ಪಾತ್ರೆ ಹಿಡಿದು ಅಜ್ಜಿ ನಿಂತಿದ್ದಳು. ಅವಳೂ ನಕ್ಕಳು. ಆದರೆ ಪಾಯಸ ಬಡಿಸಲು ಈಚೆಗೆ ಬರಲಿಲ್ಲ. ಪಾತ್ರೆಯನ್ನು ಅತ್ತೆಯ ಕೈಗೆ ಕೊಟ್ಟು ಒಳಗೇ ಕೂತಳು.

ಅಲ್ಲಿಂದಾಚೆ ನಾನು ಆ ಮನೆಗೆ ಹೋದಾಗಲೆಲ್ಲ ಅಜ್ಜಿ ಕೂತೇ ಇರುತ್ತಿದ್ದಳು. ಬೆಳ್ಳುಳ್ಳಿ ಬಿಡಿಸುತ್ತಲೋ, ಅವರೆಕಾಳು ಹಿಚುಕುತ್ತಲೋ ಏನೋ ಒಂದು ನೆಪ. ಎದ್ದರೂ ಗೋಡೆ ಹಿಡಿದು, ನಾನು ಆಚೆ ನೋಡುವ ಹೊತ್ತು ಕಾದು ಏಳುತ್ತಿದ್ದಳು. ನನಗಿದು ತಿಳಿಯಲೇ ಇಲ್ಲ. ಎಷ್ಟೋ ತಿಂಗಳ ಮೇಲೆ ಅಮ್ಮನೇ ಹೇಳಿದಳು: “ನೀನಿದ್ರೆ ಅವ್ವ ಓಡಾಡಲ್ಲ ಕಣೋ.” ಆವತ್ತೇ ಆ ನಡಿಗೆಗೆ ಬೀಗ ಹಾಕಿದೆ.

ಬೀಗ ತೆಗೆಸಿದವರು ನಮ್ಮ ಮೇಷ್ಟ್ರು. ಮೈಸೂರಿನ ಕಾಲೇಜೊಂದರಲ್ಲಿ ನಾನು ಅನಿಮೇಷನ್ ಕೋರ್ಸಿಗೆ ಸೇರಿದ್ದೆ. ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಒಂದೊಂದು ಪುಟ್ಟ ಸ್ಟಾಪ್ ಮೋಷನ್ ಚಿತ್ರ ಮಾಡಬೇಕಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಬೊಂಬೆ ಇಡುವುದು, ಫೋಟೋ ತೆಗೆಯುವುದು, ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಫೋಟೋ ತೆಗೆಯುವುದು. ಹೀಗೆ ಹನ್ನೆರಡು ಸಲ ಮಾಡಿದರೆ ಬೊಂಬೆ ಒಂದು ಸೆಕೆಂಡು ಬದುಕಿದ ಹಾಗೆ ಕಾಣುತ್ತದೆ. ನಮ್ಮ ಬೆನ್ನು ಒಂದು ತಿಂಗಳು ಸತ್ತ ಹಾಗೆ ಆಗುತ್ತದೆ. ಮೇಷ್ಟ್ರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳದೆ ನಮ್ಮನ್ನೆಲ್ಲ ಮಸುಕಾಗಿ ನೋಡುತ್ತಾ ಹೇಳಿದರು: “ನೋಡ್ರಪ್ಪಾ, ಹಾರೋದು, ಹೊಡೆದಾಡೋದು ಬೇಡ. ಒಬ್ಬ ಮನುಷ್ಯ ನಡೆಯೋದನ್ನ ಮಾಡಿ. ಅವನು ಇಂಥವನೇ ಅಂತ ನಡಿಗೇಲಿ ಗೊತ್ತಾಗಬೇಕು.” ನಾನು ಕೈ ಎತ್ತಿ, “ನನ್ನತ್ರ ಒಂದು ನಡಿಗೆ ಇದೆ ಸಾರ್. ಹದಿನೈದು ದಿನದಲ್ಲಿ ಮುಗಿಸ್ತೀನಿ” ಎಂದೆ. ಮೇಲೆ ಹೇಳಿದ ಬುದ್ಧಿಯ ವಿಷಯವನ್ನು ಇಲ್ಲಿ ಇನ್ನೊಮ್ಮೆ ಜ್ಞಾಪಿಸಿಕೊಳ್ಳಿ.

ಕಥೆ ಇಷ್ಟೇ. ಅಡುಗೆಮನೆಯಲ್ಲಿ ಕೂತ ಅಜ್ಜಿಗೆ ದೂರದಲ್ಲಿ ಬಸ್ಸಿನ ಹಾರನ್ ಕೇಳುತ್ತದೆ. ಎದ್ದು, ಹಜಾರ ದಾಟಿ, ಹೊಸ್ತಿಲು ದಾಟಿ, ಜಗುಲಿಗೆ ಬಂದು ನಿಂತು ನೋಡುತ್ತಾಳೆ. ಮುಗಿಯಿತು. ರಜೆಗೆಂದು ನಾವು ನಂಜನಗೂಡಿನಿಂದ ಬಂದಿಳಿದಾಗಲೆಲ್ಲ ಅಜ್ಜಿ ಹಾಗೇ ನಿಂತಿರುತ್ತಿದ್ದಳು, ನಾಮಕರಣಕ್ಕಿಂತ ಮುಂಚೆ. ಎರಡು ನಿಮಿಷದ ಚಿತ್ರ, ಸಾವಿರದ ನಾನೂರ ನಲವತ್ತು ಫೋಟೋ. ಇದನ್ನು ಕೇಳಿ ಅಪ್ಪ ಬೂಟು ಬಿಚ್ಚುವ “ಹೂಂ...” ಬಿಟ್ಟು, “ಪಾಸಾದ್ರೆ ಸರಿ. ಇಲ್ದಿದ್ರೆ ಮುಂದಿನ ತಿಂಗ್ಳಿಂದ ನನ್ ಜೊತೇಲೇ ತಾಂಡ್ಯಕ್ಕೆ ಬಂದ್ಬಿಡು. ಅಲ್ಲೂ ದಿನಾ ಒಂದೇ ಕೆಲ್ಸ ಸಾವ್ರ ಸಲ ಮಾಡ್ಬೇಕು, ಅಭ್ಯಾಸ ಆಗಿರ್ತದೆ” ಎಂದರು.

ಜೊತೆಗಾರ ಚೆಲುವರಾಜ ಹೆಮ್ಮರಗಾಲದವನು. ಬೇಸಾಯದ ಮನೆಯ ಹುಡುಗ. ಮಾತು ಕಡಿಮೆ, ಆಡಿದರೆ ಎದುರಿಗಿದ್ದವನಿಗೆ ತಾಗಲೇಬೇಕು. ಮೊದಲ ಅಜ್ಜಿಯನ್ನು ಕಪಿಲಾ ನದಿಯ ಜೇಡಿಮಣ್ಣಿನಲ್ಲಿ ಮಾಡಿದೆವು. ಬಲ್ಬಿನ ಬಿಸಿಗೆ ಮಧ್ಯಾಹ್ನದೊಳಗೆ ಹಿಮ್ಮಡಿಯಂತೆ ಮೈಯೆಲ್ಲ ಒಡೆಯಿತು. ಎರಡನೆಯ ಅಜ್ಜಿ ಗೋಧಿಹಿಟ್ಟಿನದು. ಬೆಳಿಗ್ಗೆ ನೋಡಿದರೆ ಅಜ್ಜಿ ತಾನಾಗಿಯೇ ಚಲಿಸುತ್ತಿದ್ದಳು. ಸಂತೋಷದಿಂದ ಹತ್ತಿರ ಹೋದೆ, ಇರುವೆಗಳು ಹೊತ್ತುಕೊಂಡು ಹೊರಟಿದ್ದವು. “ಇವೇ ವಾಸಿ ಕಣ್ಲಾ, ನಮಗಿಂತ ಬೇಗ ನಡೆಸ್ತವೆ” ಎಂದ ಚೆಲುವ. ಮೂರನೆಯ ಅಜ್ಜಿಗೆ ಮನೆ ಕಟ್ಟುವವರು ಕಂಬಿ ಬಿಗಿಯುವ ತಂತಿಯ ಎಲುಬು, ಅದರ ಮೇಲೆ ಮೈಸೂರಿನಿಂದ ತಂದ ಒಣಗದ ಎಣ್ಣೆಜೇಡಿಯ ಮೈ, ಅಮ್ಮನ ಹಳೇ ರವಿಕೆಯ ತುಂಡಿನ ಸೀರೆ. ಗೇಣುದ್ದದ ಅಜ್ಜಿ ಎದ್ದು ನಿಂತಳು.

ನಿಂತದ್ದೇನೋ ಸರಿ, ನಂಜನಗೂಡಿನ ನಮ್ಮ ಮನೆ ಇರುವುದು ರಸ್ತೆಗೆ ಆತುಕೊಂಡು. ಒಂದು ಲಾರಿ ಹೋದರೆ ಮೇಜು ನಡುಗಿ ಅಜ್ಜಿಯ ಕತ್ತು ತಿರುಗುತ್ತಿತ್ತು. ಕಿಟಕಿಯ ಬಿಸಿಲು ಗಳಿಗೆಗೊಂದು ಬಣ್ಣ. ನಮಗೆ ಬೇಕಿದ್ದದ್ದು ಬೆಳಕು ಬದಲಾಗದ, ನೆಲ ಅಲುಗದ ಒಂದು ಕತ್ತಲೆ ಕೋಣೆ. ಅಂಥ ಕೋಣೆ ನಾನು ಕಂಡಂತೆ ಭೂಮಿಯ ಮೇಲೆ ಒಂದೇ ಇತ್ತು. ಅದು ತಿ. ನರಸೀಪುರದಲ್ಲಿ, ಅಜ್ಜಿಯ ಮನೆಯಲ್ಲಿ, ಮಾವ ತಮ್ಮ ಗೊಬ್ಬರದಂಗಡಿಯ ಖಾಲಿ ಚೀಲಗಳನ್ನು ತುಂಬಿಡುತ್ತಿದ್ದ ಕಿಟಕಿಯಿಲ್ಲದ ಕೋಣೆ. ಬೇರೆ ದಾರಿಯಿಲ್ಲದೆ ಗೇಣುದ್ದದ ಅಜ್ಜಿಯನ್ನು ಶೂ ಡಬ್ಬದಲ್ಲಿ ಮಲಗಿಸಿ, ಬಸ್ಸು ಹತ್ತಿಸಿ, ನಿಜವಾದ ಅಜ್ಜಿಯ ಮನೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಒಮ್ಮೆ ನಡೆದು ತೋರಿಸಿದ್ದಕ್ಕೆ ಗೋಡೆ ಹಿಡಿದವಳು, ಈಗ ಸಾವಿರದ ನಾನೂರ ನಲವತ್ತು ಸಲ ನಡೆಸುತ್ತೇನೆಂದು ಗೊತ್ತಾದರೆ ಏನು ಮಾಡಿಯಾಳು?

ಡಬ್ಬ ತೆರೆಯುವಾಗಲೇ ಅಜ್ಜಿ ಬಂದು ಇಣುಕಿದಳು. “ಯಾರ್ಲಾ ಇವ್ಳು?”

“ಹೆಡತಲೆ ಕಡೆಯ ಯಾರೋ ಅಜ್ಜಿ. ಒಂದು ಫೋಟೋ ನೋಡಿ ಮಾಡಿದ್ದು” ಎಂದೆ. ಬಂದದ್ದು ನನ್ನ ಸ್ವಂತ ದನಿಯೇ.

ಅಜ್ಜಿ ಕಣ್ಣು ಕಿರಿದು ಮಾಡಿ ಬೊಂಬೆಯನ್ನು ಬಹಳ ಹೊತ್ತು ನೋಡಿದಳು. “ಎಡತಲೆಯಮ್ಮನಾ? ಊಟಗೀಟ ಮಾಡ್ತಾಳಾ, ಇಲ್ಲ ನಿಮ್ಮಂಗೆ ಬರೀ ಟೀನಾ?” ಎಂದು ಕೇಳಿ ಹೋದಳು. ಹೀಗೆ, ‘ಹ’ಕಾರ ನಿಲ್ಲದ ಅಜ್ಜಿಯ ಬಾಯಲ್ಲಿ ಬೊಂಬೆಗೆ ಹೆಡತಲೆಯಮ್ಮ ಎಂದು ನಾಮಕರಣವಾಯಿತು.

ಈಗ ನಡಿಗೆ ಬೇಕಾಯಿತು. ನನ್ನ ಮೈಯಲ್ಲಿ ಅದು ಇದೆಯೆಂದು ನಂಬಿದ್ದೆ. ಆದರೆ ಒಂದು ಸೆಕೆಂಡನ್ನು ಹನ್ನೆರಡು ಚೂರು ಮಾಡಲು ಕೂತರೆ ನನ್ನ ಬಳಿ ಇದ್ದದ್ದು ನಗೆ ಬರಿಸುವ ಎರಡೇ ಚೂರು. ಮಿಕ್ಕ ಹತ್ತರಲ್ಲಿ ಅಜ್ಜಿ ಏನು ಮಾಡುತ್ತಾಳೆಂದು ನಾನು ಯಾವತ್ತೂ ನೋಡಿರಲಿಲ್ಲ. ನೋಡೋಣವೆಂದರೆ ನನ್ನೆದುರು ಅವಳು ನಡೆಯುವುದಿಲ್ಲ. ಕೊನೆಗೆ ನಾನು ಕತ್ತಲೆ ಕೋಣೆಯ ಬಾಗಿಲ ಸಂದಿಗೆ ಕಣ್ಣು ಕೊಟ್ಟು ನಿಲ್ಲುವುದು, ಚೆಲುವ ಹಜಾರದಲ್ಲಿ ಕೂತು ನೀರು ಕೇಳುವುದು ಎಂದು ಗೊತ್ತು ಮಾಡಿದೆವು. ಮನೆಗೆ ಬಂದ ಹುಡುಗ ನೀರು ಕೇಳಿದರೆ ಅಜ್ಜಿ ಕೂತಿರುವವಳಲ್ಲ. ಎದ್ದು ತಂದುಕೊಡುತ್ತಿದ್ದಳು. ನಾನು ಒಳಗೆ ಹೆಜ್ಜೆ ಎಣಿಸಿ ಗೀಚಿಕೊಳ್ಳುತ್ತಿದ್ದೆ. ಸಾಕೆಂದು ಅನ್ನಿಸುವ ಹೊತ್ತಿಗೆ ಚೆಲುವ ಹನ್ನೊಂದು ಲೋಟ ನೀರು ಕುಡಿದು, ಹನ್ನೆರಡನೆಯದನ್ನು ಕೈಯಲ್ಲಿ ಹಿಡಿದು ನನ್ನ ಬಾಗಿಲ ಕಡೆ ದಯನೀಯವಾಗಿ ನೋಡುತ್ತಿದ್ದ.

“ಏನಪ್ಪಾ ಚೆಲ್ವ, ನಿಮ್ಮೂರಲ್ಲಿ ಬಾವಿಗೀವಿ ಇಲ್ವಾ?” ಎಂದಳು ಅಜ್ಜಿ.

“ಅದೆ ಅಜ್ಜಿ. ಇಲ್ಲಿ ನೀರು ಸಿಹಿ.”

“ಸಂದೀಲಿ ನಿಂತವ್ನಿಗೂ ಒಂದ್ ಲೋಟ ಕೊಡು. ಬಾಯಿ ಒಣಗಿರ್ತದೆ” ಎಂದು ಹೇಳಿ ಅಜ್ಜಿ ಬೆಳ್ಳುಳ್ಳಿಗೆ ಕೂತಳು. ನಾನು ಚೀಲಗಳ ನಡುವೆ ಬೆವರಿದೆ. ಇಲಿ ನೋಡುತ್ತಿದ್ದೆ ಎಂದೆ. ನಂಬಿದಂತೆ ತಲೆಯಾಡಿಸಿದಳು.

ಶನಿವಾರ, ಭಾನುವಾರ, ರಜೆಯ ದಿನ, ಹೀಗೆ ಚಿತ್ರ ತೆವಳತೊಡಗಿತು. ರಟ್ಟಿನಲ್ಲಿ ಅಜ್ಜಿಯ ಮನೆಯನ್ನೇ ಚಿಕ್ಕದಾಗಿ ಕಟ್ಟಿದ್ದೆವು. ಆದರೆ ಎರಡನೇ ವಾರಕ್ಕೇ ಹೆಡತಲೆಯಮ್ಮ ಬೀಳತೊಡಗಿದಳು. ಎಡಸೊಂಟ ಹೊರಗೆ, ಮೈ ಬಲಕ್ಕೆ. ಹಾಗಿಟ್ಟು ಒಂದು ಕಾಲು ಎತ್ತಿದರೆ ಇನ್ನೊಂದು ಕಾಲಿನ ತಂತಿ ಭಾರ ತಡೆಯದೆ ಬಲಕ್ಕೆ ಧೊಪ್ಪನೆ ಉರುಳುತ್ತಿದ್ದಳು. ಪಾದಕ್ಕೆ ಗುಂಡುಸೂಜಿ ಚುಚ್ಚಿ ನೆಲಕ್ಕೆ ಸಿಕ್ಕಿಸಿದೆವು, ಸೂಜಿ ಸಮೇತ ಬಿದ್ದಳು. ತಂತಿ ದಪ್ಪ ಮಾಡಿದೆವು, ಮಂಡಿ ಮಡಚಲಿಲ್ಲ. ನೆಟ್ಟಗೆ ನಿಲ್ಲಿಸಿದರೆ ಬೀಳುತ್ತಿರಲಿಲ್ಲ, ಆದರೆ ಆಗ ಅವಳು ಯಾರೋ ನಿಜವಾಗಿಯೂ ಹೆಡತಲೆಯವಳಾಗಿಬಿಡುತ್ತಿದ್ದಳು. ನಾನು ತಾಂಡ್ಯದ ಗೇಟು ಕಣ್ಣ ಮುಂದೆ ತಂದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂತೆ. ಚೆಲುವ ಬಗ್ಗಿ, ಅತ್ತಿಂದ ಇತ್ತಿಂದ ನೋಡಿ, “ಗಾಡಿಗೆ ಒಂದ್ ಕಡೆ ಹೇರು ಜಾಸ್ತಿ ಆದ್ರೆ ಇನ್ನೊಂದ್ ಕಡೇನೂ ಹೇರ್ಬೇಕು ಅಷ್ಟೇ ಕಣ್ಲಾ” ಎಂದು, ಗೋಲಿಗಿಂತ ದಪ್ಪ ಜೇಡಿಯ ಉಂಡೆಯೊಂದನ್ನು ಅವಳ ಎಡಸೊಂಟಕ್ಕೆ ಮೆತ್ತಿದ. ಕ್ಯಾಮೆರಾ ಬಲಗಡೆಯಿಂದ ನೋಡುತ್ತಿದ್ದುದರಿಂದ ಉಂಡೆ ಮರೆಯಲ್ಲಿತ್ತು. ಒಂದು ಕಾಲು ಎತ್ತಿದೆವು. ಹೆಡತಲೆಯಮ್ಮ ನಿಂತಳು. ನಿಂತದ್ದಷ್ಟೇ ಅಲ್ಲ, ನಡಿಗೆಗೆ ಅರ್ಥ ಬಂತು. ಆ ಅರೆಗಳಿಗೆಯ ನಿಲುಗಡೆ ಮರೆವಿನದಲ್ಲ. ಸೊಂಟದ ಮೇಲಿನದನ್ನು ಒಂಚೂರು ಮೇಲಕ್ಕೆತ್ತಿ ಕೂರಿಸಿಕೊಳ್ಳುವುದು.

ಆ ವಾರ ನಂಜನಗೂಡಿಗೆ ಬಂದು ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದಳು. “ಅವ್ವನ ಸೊಂಟದ ಮೇಲೆ ನಾವು ಐದು ಜನ ಮಕ್ಳು ಆದ್ಮೇಲೆ ನೀನು. ನಾಲ್ಕು ವರ್ಷ ತುಂಬಿದ್ರೂ ಬಸ್‌ಸ್ಟ್ಯಾಂಡಿಂದ ಮನೆಗೆ ಒಂದ್ ಎಜ್ಜೆ ನಡೆದೋನಲ್ಲ. ನನ್ ಸೊಂಟ ಆಗ್ತಿರ್ಲಿಲ್ಲ ಸಾಹೇಬ್ರಿಗೆ, ಅವ್ವಂದೇ ಆಗ್ಬೇಕು. ಇಳಿಸಿದ್ರೆ ರೋಡಲ್ಲೇ ಉರುಳಾಡ್ತಿದ್ದೆ.” ಅವತ್ತು ನಾನು ಮಜ್ಜಿಗೆ ಕೂಡ ಕೇಳದೆ ಎದ್ದೆ. ಊರೆಲ್ಲ ನಗಿಸಿದ ನಡಿಗೆಯಲ್ಲಿ ನನ್ನ ಪಾಲೂ ಇತ್ತೆಂದು ಯಾರಿಗೆ ಗೊತ್ತಿತ್ತು?

ಇನ್ನು ವಿಭೂತಿಯ ಪುರಾಣ. ಸ್ಟಾಪ್ ಮೋಷನ್ನಿನ ಮೊದಲ ನಿಯಮ: ಯಾರೂ ಏನನ್ನೂ ಮುಟ್ಟಬಾರದು. ಅಜ್ಜಿಯ ಮನೆಯ ಮೊದಲ ನಿಯಮ: ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಅಜ್ಜಿ ಮನೆಯಲ್ಲಿರುವವರ ಹಣೆಗೆಲ್ಲ ವಿಭೂತಿ ಹಚ್ಚುತ್ತಾಳೆ. ಎದ್ದಿರಲಿ, ಮಲಗಿರಲಿ, ಬೇಡವೆನ್ನಲಿ, ಯಾರಿಗೂ ವಿನಾಯಿತಿ ಇಲ್ಲ. ಮೂರನೇ ವಾರದ ಒಂದು ದಿನ ಅರ್ಧ ಹಜಾರ ದಾಟಿದ್ದ ಹೆಡತಲೆಯಮ್ಮನ ಹಣೆಯಲ್ಲಿ ಮೂರು ಬಿಳಿ ಗೆರೆ! ಹಿಂದಿನ ದಿನದವರೆಗಿನ ನಾಲ್ಕುನೂರು ಫೋಟೋದಲ್ಲಿ ಬೋಳು ಹಣೆ.

“ಅಜ್ಜೀ! ಯಾಕೆ ಮುಟ್ಟಿದೆ?” ಎಂದು ಕೂಗಾಡಿದೆ.

“ನಮ್ಮನೇಲಿರೋಳು ಬೋಳು ಅಣೇಲಿ ಓಡಾಡ್ತಾಳಾ? ಅವ್ರೂರ್ನೋರು ನೋಡಿದ್ರೆ ಏನಂದ್ಕಂಡಾರು?”

ಒರೆಸಿದರೆ ಜೇಡಿಯೂ ಕಿತ್ತು ಬರುತ್ತಿತ್ತು. ಇರಲಿ ಎಂದು ಮುಂದುವರಿಸಿದೆವು. ಆದರೆ ಬೆಳಿಗ್ಗೆ ದಪ್ಪಗಿದ್ದ ವಿಭೂತಿ ಸಂಜೆಗೆ ಉದುರಿ ತೆಳ್ಳಗಾಗುವುದು, ಮರುದಿನ ಮತ್ತೆ ದಪ್ಪ. ಬಾಗಿಲಿಗೆ ಚಿಲಕ ಹಾಕಿದೆ. ಆ ಮನೆಯ ಚಿಲಕಗಳೆಲ್ಲ ನನಗಿಂತ ಮೊದಲಿನಿಂದ ಅಜ್ಜಿಯ ಮಾತು ಕೇಳಿ ಅಭ್ಯಾಸವಾದವು. ಸಂಜೆ ನಾವು ಈಚೆಗೆ ಬಂದಾಗ ಅವಳದೊಂದು ವಿಚಾರಣೆಯೂ ಇರುತ್ತಿತ್ತು.

“ಎಡತಲೆಯಮ್ಮ ಇವತ್ತು ಎಷ್ಟ್ ದೂರ ಬಂದ್ಲು?”

“ನಾಲ್ಕು ಹೆಜ್ಜೆ ಅಜ್ಜಿ.”

“ಬೆಳಗಿಂದ ಸಂಜೆಗಂಟ ನಾಕೇಯಾ? ಪಾಪ, ಮಂಡಿನೋವಿರ್ಬೇಕು. ಒಂಚೂರು ಅಳ್ಳೆಣ್ಣೆ ಬಿಸಿ ಮಾಡ್ಕೊಡ್ಲಾ?”

ನಾನು ಮೇಲೆ ಮೇಲೆ ನಗುತ್ತಿದ್ದೆ. ತನ್ನ ನಡಿಗೆಗೇ ತಾನು ಪಾಪ ಎನ್ನುತ್ತಿದ್ದಾಳೆ. ಅದು ತನ್ನದೆಂದು ತಿಳಿದ ದಿನ ಮತ್ತೆ ಬೆಳ್ಳುಳ್ಳಿ ಹಿಡಿದು ಮೂಲೆಗೆ ಕೂತುಬಿಟ್ಟರೆ? ಪಾಸಾಗುವ ಚಿಂತೆ ಎಂದೋ ಹಿಂದಕ್ಕೆ ಸರಿದು ಈ ಚಿಂತೆ ಮುಂದೆ ಬಂದು ಕೂತಿತ್ತು.

ಹೊಸ್ತಿಲು ದಾಟಿಸುವ ದಿನ ಬಂತು. ಬೆಳಿಗ್ಗೆ ಬಲ್ಬು ಹಾಕಿ ಹೆಡತಲೆಯಮ್ಮನ ಸುತ್ತ ಪರೀಕ್ಷೆ ಮಾಡುತ್ತಿದ್ದ ಚೆಲುವ, “ಲೇ, ಬಾ ಇಲ್ಲಿ” ಎಂದ. ಅವಳ ಹಣೆಯಲ್ಲಿ ಎಂದಿನಂತೆ ವಿಭೂತಿ. ಎಡಸೊಂಟದ ಮರೆಯಲ್ಲಿದ್ದ ಆ ಜೇಡಿಯ ಉಂಡೆಯ ಮೇಲೂ ಪುಟ್ಟದಾಗಿ ಮೂರು ಗೆರೆ, ಬೆರಳು ಹಿಡಿಸದೆ ಕಡ್ಡಿಯಲ್ಲಿ ಎಳೆದದ್ದು. ಚೆಲುವ ನನ್ನ ಹಣೆ ನೋಡಿದ. ಉಂಡೆಯನ್ನು ನೋಡಿದ. “ಇಬ್ರಿಗೂ ಒಂದೇ ಪೂಜೆ ಆಗಿದೆ ಇವತ್ತು” ಎಂದು ಕ್ಯಾಮೆರಾ ಒತ್ತಿದ. ನಾನು ಆ ದಿನ ಅಜ್ಜಿಯ ಮುಖ ನೋಡಲು ಧೈರ್ಯ ಸಾಲದೆ, ಊಟಕ್ಕೂ ತಲೆ ಬಗ್ಗಿಸಿಯೇ ಕೂತೆ.

ಹದಿನೈದು ದಿನದ ಕೆಲಸ ಮೂರು ತಿಂಗಳಿಗೆ ಮುಗಿಯಿತು. ಮೇಷ್ಟ್ರು ಚಿತ್ರ ನೋಡಿ, ಕನ್ನಡಕ ತೆಗೆದು ಒರೆಸಿ, “ನಡಿಗೆ ಚೆನ್ನಾಗಿದೆ. ಹಣೇಲಿ ಅದೇನಯ್ಯಾ, ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಅನ್ನುತ್ತೆ?” ಎಂದರು. “ಭಕ್ತಿ ಸಾರ್” ಎಂದೆ. ಭಕ್ತಿಗೆ ಐದು ಅಂಕ ಕಳೆದು ಪಾಸು ಮಾಡಿದರು. ಅಪ್ಪ ಬೂಟು ಬಿಚ್ಚುತ್ತಾ ಈ ಸಲ “ಹೂಂ” ಎಂದರು, ಚುಕ್ಕಿಗಳಿಲ್ಲದೆ.

ಅಂಕಪಟ್ಟಿಗಿಂತ ದೊಡ್ಡ ಪರೀಕ್ಷೆ ಮುಂದಿನ ಭಾನುವಾರ ಇತ್ತು. ಮಾವ ತಮ್ಮ ಟಿವಿಗೆ ನನ್ನ ಫೋನು ಸಿಕ್ಕಿಸಿ ಎಲ್ಲರನ್ನೂ ಹಜಾರಕ್ಕೆ ಕರೆದರು. ಅಮ್ಮ ಬಂದಿದ್ದಳು, ಚೆಲುವ ಬಂದಿದ್ದ, ಅತ್ತೆ ಕಡಲೆಪುರಿ ಕಲಸಿ ತಂದಿದ್ದರು. ನಾನು ಟವೆಲ್ ಸುತ್ತಿಕೊಂಡು ನಡೆದ ಅದೇ ಹಜಾರ. ಅಜ್ಜಿ ಅಡುಗೆಮನೆಯ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಟಿವಿಯಲ್ಲಿ ಹಾರನ್ ಆಯಿತು. ಹೆಡತಲೆಯಮ್ಮ ಎದ್ದಳು. ವಾಲಿದಳು, ನಡೆದಳು, ಅರೆಗಳಿಗೆ ನಿಂತಳು, ಹೊಸ್ತಿಲು ದಾಟಿದಳು, ಜಗುಲಿಯಲ್ಲಿ ನಿಂತು ದೂರ ನೋಡಿದಳು. ಯಾರೂ ನಗಲಿಲ್ಲ. ನಗಿಸುವುದೇ ಕಸುಬಾದವನಿಗೆ ಆ ಮೌನ ತಡೆಯಲಾಗಲಿಲ್ಲ. ಬಾಯಿ ತಾನೇ ತೆರೆದುಕೊಂಡಿತು. “ಅಜ್ಜಿ, ಅವಳು ಹೆಡತಲೆಯೋಳಲ್ಲ. ನೀನೇ. ನಿನ್ನ ನಡಿಗೆ ಮತ್ತೆ ಆಡಿಬಿಟ್ಟೆ. ತಪ್ಪಾಯ್ತು” ಎಂದೆ. ಅದು ಯಾರ ದನಿಯೋ ನನಗೇ ಗುರುತು ಸಿಗಲಿಲ್ಲ.

ಅಜ್ಜಿ ಮಡಿಲಿನ ಪುರಿ ಕೊಡವಿ ಎದ್ದಳು. ಅಡುಗೆಮನೆಯ ಬಾಗಿಲಿಂದ, ಟಿವಿಗೂ ನಮಗೂ ನಡುವೆಯೇ, ಗೋಡೆ ಹಿಡಿಯದೆ, ನನ್ನ ಕಣ್ಣೆದುರಿಗೇ ಹಜಾರದ ಉದ್ದಕ್ಕೂ ನಡೆದಳು. ಎರಡು ಚಿಕ್ಕ ಹೆಜ್ಜೆ, ಒಂದು ದೊಡ್ಡ ಹೆಜ್ಜೆ. ಹೊಸ್ತಿಲು ದಾಟಿ, ಜಗುಲಿಯಲ್ಲಿ ನಿಂತು, ತಿರುಗಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

“ಡಬ್ಬ ತೆಗ್ದಾಗ್ಲೇ ಗೊತ್ತಾಯ್ತು ಕಣ್ಲಾ. ನಿನ್ನ ಈ ಸೊಂಟದ್ ಮ್ಯಾಲೆ ಕೂರಿಸ್ಕಂಡು ಬಸ್‌ಸ್ಟ್ಯಾಂಡಿಂದ ಈ ಒಸ್ಲುಗಂಟ ನಾನು ಕಾಲ್ ಗಂಟೇಲಿ ಬತ್ತಿದ್ದೆ. ನೀನು ಜೊತೇಲಿ ಒಬ್ಬ ಆಳು ಇಟ್ಕಂಡು, ಅಡಿಗೆಮನೆಯಿಂದ ಒಸ್ಲು ದಾಟ್ಸಕ್ಕೆ ಮೂರು ತಿಂಗ್ಳು ತಕಂಡೆ. ಈಗ ಯೋಳು, ಕುಂಟೋರು ಯಾರು?”